ಕನ್ನಡಿಗರಿಗೆ ಫಿನ್ನಿಷ್ ಸುಲಭವೇ, ಹಂಗೇರಿಯನ್ ಸುಲಭವೇ?

ಫಿನ್ಲೆಂಡಿನ ಟಾಂಪೆರೆ, ಹಂಗೇರಿಯ ಬುಡಾಪೆಸ್ಟ್ ಎರಡೂ ಕಡೆ ಕೆಲಸ ಸಿಗುವಂತಿದೆ, ಎರಡೂ ಭಾಷೆಗಳಿಗೆ ಕನ್ನಡದ ನಂಟಿದೆಯಂತೆ, ಸುಲಭವಾದುದನ್ನು ನೋಡಿ ಊರು ಆರಿಸಿಕೊಳ್ಳುತ್ತೇನೆ ಎಂದಿದ್ದೀರಿ. ಆ ನಂಟಿನ ಮಾತನ್ನು ನಂಬಿಯೇ ನಾನು ಟಾಂಪೆರೆಗೆ ಬಂದಿದ್ದು.

ದ್ರಾವಿಡ ಭಾಷೆಗಳಿಗೂ ಫಿನ್ನಿಷ್ ಬಳಗಕ್ಕೂ ಸಂಬಂಧವಿದೆಯೆಂದು ದ್ರಾವಿಡ ಭಾಷೆಗಳ ವ್ಯಾಕರಣ ಬರೆದ ಪಾದ್ರಿ ರಾಬರ್ಟ್ ಕಾಲ್ಡ್‌ವೆಲ್ 1856ರಲ್ಲಿಯೇ ವಾದಿಸಿದ್ದರು. ಇಂದಿನ ಭಾಷಾವಿಜ್ಞಾನಿಗಳು ಸಾಮಾನ್ಯವಾಗಿ ಅದನ್ನು ಒಪ್ಪುವುದಿಲ್ಲ. ಹೋಲಿಕೆಯೇನೋ ಕಣ್ಣಿಗೆ ಬೀಳುತ್ತದೆ. ಫಿನ್ನಿಷ್‌ನಲ್ಲಿ ಮನೆಗೆ ‘ತಲೊ’, ‘ಮನೆಯಲ್ಲಿ’ ಎಂಬುದಕ್ಕೆ ‘ತಲೊಸ್ಸ’ ಎನ್ನುತ್ತಾರೆ, ‘ಮನೆಯ ಹಿಂದೆ’ ಎಂಬುದಕ್ಕೆ ‘ತಲೊನ್ ತಕನ’; ಪದಗಳ ಕ್ರಮವೂ ನಮ್ಮದೇ. ನನ್ನನ್ನು ಕೆಡಿಸಿದ್ದು ಈ ಹೋಲಿಕೆಯೇ.

ಹದಿನೈದು ವಿಭಕ್ತಿಗಳ ಪ್ರತ್ಯಯಗಳನ್ನು ಬಾಯಿಪಾಠ ಮಾಡಿದರೆ, ನಿಘಂಟಿನ ಪದಕ್ಕೆ ಅವನ್ನು ಅಂಟಿಸಿಕೊಂಡು ಹೋದರಾಯಿತು ಎಂದುಕೊಂಡೆ. ಕನ್ನಡದಲ್ಲಿ ಬೀದಿ ಬೀದಿಯಲ್ಲಿ ಆಗುತ್ತದೆ, ಮರ ಮರದಲ್ಲಿ ಆಗುತ್ತದೆ; ನಡುವೆ ಏನು ಸೇರಿಕೊಂಡರೂ ಪದದ ಮೈ ಹಾಗೇ ಉಳಿಯುತ್ತದೆ. ಫಿನ್ನಿಷ್‌ನಲ್ಲಿ ಪ್ರತ್ಯಯ ಬಂದೊಡನೆ ಪದದ ಹೊಟ್ಟೆಯೊಳಗಿನ ವ್ಯಂಜನವೇ ಬದಲಾಗಬಹುದು: ಬೀದಿಗೆ ‘ಕತು’, ಬೀದಿಯಲ್ಲಿ ಎನ್ನಲು ‘ಕದುಲ್ಲ’, ನೀರಿಗೆ ‘ವೆಸಿ’, ನೀರಿನ ಎನ್ನಲು ‘ವೆದೆನ್’. ನಮ್ಮ ಕಟ್ಟಡದ ಮೆಟ್ಟಿಲ ಬಳಿ ‘ವೆದೆನ್‌ಯಕೆಲು’ ಎಂದು ಆರಂಭವಾಗುವ ನೋಟೀಸು ಅಂಟಿಸಿದ್ದರು. ನಾನು ನಿಘಂಟಿನಲ್ಲಿ ‘ವೆದೆ’ ಹುಡುಕಿ, ಸಿಗದೆ, ನನಗೆ ಸಂಬಂಧಿಸಿದ್ದಲ್ಲವೆಂದು ಬಿಟ್ಟೆ. ನೀರು ಸರಬರಾಜು ನಿಲ್ಲುವ ಸುದ್ದಿ ಅದೆಂದು ತಿಳಿದದ್ದು ತಲೆತುಂಬ ಶಾಂಪೂ ಇದ್ದಾಗ. ಅದು ನಗೆಯ ಮಾತಾಯಿತು, ಆದರೆ ಇದೇ ಅಭ್ಯಾಸದಿಂದ ಮಧ್ಯಮ ಹಂತದ ಭಾಷಾ ಪರೀಕ್ಷೆಯ ಬರವಣಿಗೆಯಲ್ಲಿ ಸೋತು, ಪೌರತ್ವದ ಅರ್ಜಿಯನ್ನು ಮುಂದೂಡಬೇಕಾಯಿತು. ಪ್ರತಿ ಪದವನ್ನೂ ಅದರ ಷಷ್ಠೀ ರೂಪದೊಂದಿಗೆ, ‘ವೆಸಿ, ವೆದೆನ್’ ಎಂದು ಜೋಡಿಯಾಗಿಯೇ ಕಲಿತಿದ್ದರೆ ಅರ್ಧ ತೊಂದರೆ ಇರುತ್ತಿರಲಿಲ್ಲ.

ಹಂಗೇರಿಯನ್ ನನಗೆ ಬಾರದು. ನೀರಿಗೆ ಅಲ್ಲಿ ‘ವೀಜ಼್’ ಎನ್ನುತ್ತಾರೆ. ‘ವೆಸಿ’ಯ ದಾಯಾದಿಯೇ, ಆದರೆ ಕವಲೊಡೆದು ಸಾವಿರಾರು ವರ್ಷಗಳಾಗಿರುವುದರಿಂದ ಒಬ್ಬರ ಮಾತು ಮತ್ತೊಬ್ಬರಿಗೆ ತಿಳಿಯದು. ಹಾಗಾಗಿ ಒಂದನ್ನು ಕಲಿತರೆ ಇನ್ನೊಂದು ಬಂದೀತೆಂಬ ಲೆಕ್ಕವನ್ನೂ ಹಾಕಬೇಡಿ. ಭಾಷೆ ನೋಡಿ ಊರು ಆರಿಸುವುದೇ ತಪ್ಪು; ಸಂಬಳ, ಕೆಲಸ, ಚಳಿ ನೋಡಿ ಆರಿಸಿ. ಟಾಂಪೆರೆಗೇ ಬರುವುದಾದರೆ, ಪುಸ್ತಕದ ‘ಮಿನ್ಯಾ ಒಲೆನ್’ (ನಾನು ಇದ್ದೇನೆ) ಜೊತೆಗೆ ಜನ ಆಡುವ ‘ಮ್ಯಾ ಓನ್’ ಅನ್ನೂ ಮೊದಲ ವಾರದಿಂದಲೇ ಕಿವಿಗೆ ಹಾಕಿಕೊಳ್ಳಿ, ನನ್ನ ತರಗತಿಯಲ್ಲಿ ಅದನ್ನು ಬಹಳ ತಡವಾಗಿ ಹೇಳಿಕೊಟ್ಟರು.