ಹೈಕೋರ್ಟಿನ ಅಂಗಳದಲ್ಲಿ ದೀಪಸ್ತಂಭ

ಪ್ರಶ್ನೆ: ಚೆನ್ನೈ ಹೈಕೋರ್ಟಿನ ಆವರಣದಲ್ಲಿ ಎತ್ತರದ ಕಲ್ಲುಕಂಬವೊಂದನ್ನು ಕಂಡೆ. ಹಿಂದೆ ಅದು ಹಡಗುಗಳಿಗೆ ದಾರಿ ತೋರುವ ದೀಪಸ್ತಂಭವಾಗಿತ್ತಂತೆ. ಕೆಳಗೆ ನಿಂತರೆ ಸಮುದ್ರವೇ ಕಾಣುವುದಿಲ್ಲವಲ್ಲ ಸರ್? ಅದರ ದೀಪವನ್ನು ಏಕೆ ಆರಿಸಿದರು?
— ಓದುಗ, ಬೀದರ್

ಉತ್ತರ: ನೀವು ನಿಂತ ಜಾಗದಲ್ಲಿ ನಾನೂ ನಿಂತಿದ್ದೆ. 1980ರಲ್ಲಿ ತಂದೆಯವರ ಕಣ್ಣಿನ ಚಿಕಿತ್ಸೆಗೆಂದು ಕಲಬುರಗಿಯಲ್ಲಿ ಮದ್ರಾಸ್ ಮೇಲ್ ಹತ್ತಿ ಹೋಗಿದ್ದೆವು. ಮಧ್ಯಾಹ್ನದ ಬಿಸಿಲಿಗೆ ಕಾದಿದ್ದ ಆ ಕಲ್ಲು ಮುಟ್ಟಿದರೆ ಅಂಗೈ ಚುರ್ ಎಂದಿತು. ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡಿದ್ದ ತಂದೆ ತಲೆಯೆತ್ತಿ ನೋಡಿ, “ಎಣ್ಣೆ ಹೊತ್ತು ಇದನ್ನು ಹತ್ತುತ್ತಿದ್ದವನ ಮೊಣಕಾಲು ಏನಾಗಿರಬೇಡ!” ಎಂದರು.

ಕಂಬ 1844ರದು, ಎತ್ತರ ಸುಮಾರು 125 ಅಡಿ. ಅದಕ್ಕೂ ಮೊದಲು, 1796ರಿಂದ, ಸೇಂಟ್ ಜಾರ್ಜ್ ಕೋಟೆಯ ಕಟ್ಟಡವೊಂದರ ಮಾಳಿಗೆಯ ಮೇಲೆ ದೀಪ ಉರಿಯುತ್ತಿತ್ತು. ಆಗ ಮದ್ರಾಸಿಗೆ ಬಂದರು ಎಂಬುದೇ ಇರಲಿಲ್ಲ. ಹಡಗು ದೂರದಲ್ಲೇ ಲಂಗರು ಹಾಕಬೇಕು. ಜನರೂ ಸರಕೂ ಮಸೂಲಾ ದೋಣಿಯಲ್ಲಿ ದಡ ಸೇರಬೇಕು. ಆ ದೋಣಿಯ ಹಲಗೆಗಳಿಗೆ ಮೊಳೆ ಹೊಡೆಯುತ್ತಿರಲಿಲ್ಲ. ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಿದ್ದರು. ಅಲೆ ಬಡಿದಾಗ ದೋಣಿಯ ಮೈ ಬಳುಕಬೇಕೇ ಹೊರತು ಒಡೆಯಬಾರದು. ಎಂಥ ಕುಶಲತೆ! ಇಂಥ ದಡದಲ್ಲಿ ಕತ್ತಲಾದರೆ ನಾವಿಕನಿಗೆ ಆ ದೀಪವೇ ಗತಿ.

ನೀವು ಹುಡುಕಿದ ಸಮುದ್ರ ಆಗ ಬಹಳ ಹತ್ತಿರದಲ್ಲೇ ಇತ್ತು. 1875ರಿಂದ ಬಂದರಿನ ಕೆಲಸ ನಡೆದ ಮೇಲೆ ಕಡಲು ದೂರ ಸರಿಯಿತು. ಮರೀನಾ ದಂಡೆ ಅಷ್ಟು ಅಗಲವಾದದ್ದೂ ಬಂದರಿನ ಗೋಡೆಗೆ ತಡೆದು ನಿಂತ ಮರಳಿನಿಂದಲೇ.

ದೀಪ ಆರಿಸಿದ್ದು ಕಂಬ ಶಿಥಿಲವಾಯಿತೆಂದಲ್ಲ. ಪಕ್ಕದಲ್ಲೇ 1892ರಲ್ಲಿ ಹೈಕೋರ್ಟಿನ ಕಟ್ಟಡ ಅದಕ್ಕಿಂತ ಎತ್ತರಕ್ಕೆ ಎದ್ದಿತು. 1894ರಲ್ಲಿ ದೀಪವನ್ನು ಅದರ ಅತಿ ಎತ್ತರದ ಗುಮ್ಮಟಕ್ಕೆ, ಸುಮಾರು 175 ಅಡಿ ಮೇಲಕ್ಕೆ, ಸಾಗಿಸಿದರು. ನಿಮ್ಮೂರಿನ ಹಳೆಯ ಕಾವಲು ಗೋಪುರ ಚೌಬಾರಾ ನೆನಪಿಸಿಕೊಳ್ಳಿ. 71 ಅಡಿ ಎತ್ತರದಿಂದ ಕಾವಲುಗಾರನಿಗೆ ಎಷ್ಟು ದೂರದ ಬಯಲು ಕಾಣುತ್ತಿತ್ತು! ಭೂಮಿ ದುಂಡಗಿರುವುದರಿಂದ ದೀಪ ಮೇಲೇರಿದಷ್ಟೂ ದೂರದ ನೀರಿಗೆ ಕಾಣುತ್ತದೆ. ಲೆಕ್ಕ ಹಾಕಿದರೆ 125 ಅಡಿಯಿಂದ ದಿಗಂತ ಸುಮಾರು 22 ಕಿಲೋಮೀಟರ್, 175 ಅಡಿಯಿಂದ 26. ಇರುಳಿನಲ್ಲಿ ಬರುವ ಹಡಗಿಗೆ ಈ ನಾಲ್ಕು ಕಿಲೋಮೀಟರ್ ಸಣ್ಣದಲ್ಲ.

1977ರಲ್ಲಿ ದೀಪ ಗುಮ್ಮಟವನ್ನೂ ಬಿಟ್ಟು ಮರೀನಾದ ಹೊಸ ಗೋಪುರಕ್ಕೆ ಹೋಯಿತು. ಅಲ್ಲಿ ಲಿಫ್ಟ್ ಇದೆ. ಪಟ್ಟಿ ಬಿಚ್ಚಿದ ದಿನ ಸಂಜೆ ತಂದೆಯವರನ್ನು ದಂಡೆಗೆ ಕರೆದೊಯ್ದೆ. ಕತ್ತಲಲ್ಲಿ ಅವರು ಮೊದಲು ಗುರುತಿಸಿದ್ದು ಆ ಬೆಳಕನ್ನೇ.