ಓದುಗರ ಪ್ರಶ್ನೆ: ಕಾರ್ನ್ ಸ್ನೇಕ್ ಮರಿಯ ಹೊಟ್ಟೆ ಮತ್ತು ಬೆಳವಣಿಗೆ

ಪ್ರಶ್ನೆ: ನನ್ನ ಕಾರ್ನ್ ಸ್ನೇಕ್ (ಮನೆಯಲ್ಲಿ ಸಾಕುವ, ವಿಷವಿಲ್ಲದ ಹಾವು) ಮರಿಗೆ ಈಗ ನಾಲ್ಕು ತಿಂಗಳು, ತೂಕ 14 ಗ್ರಾಂ. ವಾರಕ್ಕೊಂದು ಪಿಂಕಿ ತಿನ್ನುತ್ತದೆ. ಗೆಳೆಯರ ಬಳಿ ಇರುವ, ಇದೇ ವಯಸ್ಸಿನ ಮರಿ ಇದಕ್ಕಿಂತ ಬಹಳ ದಪ್ಪವಾಗಿದೆ. ವಾರಕ್ಕೆರಡು ಸಲ ಆಹಾರ ಕೊಟ್ಟರೆ ಬೇಗ ಬೆಳೆದೀತೇ?

ಉತ್ತರ: ಬೇಗ ಬೆಳೆದೀತು, ಆದರೆ ಅದರಿಂದ ಹಾವಿಗೆ ಒಳ್ಳೆಯದಾಗುತ್ತದೆ ಎನ್ನಲಾಗದು. ಮೊಟ್ಟೆಯೊಡೆದು ಬಂದಾಗ ಈ ಜಾತಿಯ ಮರಿ ಸಾಮಾನ್ಯವಾಗಿ ಆರೇಳು ಗ್ರಾಂ ಮಾತ್ರ ತೂಗುತ್ತದೆ. ಹಾಗೆ ನೋಡಿದರೆ ನಿಮ್ಮ ಮರಿ ನಾಲ್ಕು ತಿಂಗಳಲ್ಲಿ ತನ್ನ ತೂಕವನ್ನು ಹೆಚ್ಚು ಕಡಿಮೆ ಇಮ್ಮಡಿ ಮಾಡಿಕೊಂಡಿದೆ. ಇದರಲ್ಲಿ ಕಳವಳಪಡುವಂಥದ್ದೇನೂ ಇಲ್ಲ. ಪಿಂಕಿ, ಅಂದರೆ ಇನ್ನೂ ಕೂದಲು ಮೂಡದ ಸುಂಡಿಲಿ ಮರಿ, ಎರಡು ಗ್ರಾಂ ಇದ್ದರೆ ಅದು ನಿಮ್ಮ ಹಾವಿನ ತೂಕದ ಶೇ. 14ರಷ್ಟಾಗುತ್ತದೆ. ಮರಿಗಳಿಗೆ ಒಂದು ಊಟಕ್ಕೆ ದೇಹತೂಕದ ಶೇ. 10ರಿಂದ 15ರಷ್ಟು ಸಾಕು. ಬೇಕಿದ್ದರೆ ಊಟದ ಅಂತರವನ್ನು ಏಳು ದಿನದಿಂದ ಐದಾರು ದಿನಕ್ಕೆ ಇಳಿಸಿ. ಅದಕ್ಕಿಂತ ಹತ್ತಿರ ತರಬೇಡಿ. ಮರಿ 15 ಗ್ರಾಂ ದಾಟಿದ ಮೇಲೆ ಸ್ವಲ್ಪ ದೊಡ್ಡ ಪಿಂಕಿಗೂ, 25 ಗ್ರಾಂ ದಾಟಿದ ಮೇಲೆ ತೆಳುವಾಗಿ ಕೂದಲು ಬಂದ ಸುಂಡಿಲಿ ಮರಿಗೂ ಮುಂದುವರಿಯಬಹುದು.

ಹಾವಿನ ಉದ್ದವನ್ನು ಅಳೆಯುವ ಸಾಹಸಕ್ಕಿಂತ, ಒಂದು ಗ್ರಾಂವರೆಗೆ ನಿಖರವಾಗಿ ತೋರಿಸುವ ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಮುಚ್ಚಳವಿರುವ ಡಬ್ಬಿಯಿಟ್ಟು, ಹದಿನೈದು ದಿನಕ್ಕೊಮ್ಮೆ, ಊಟಕ್ಕೆ ಮುನ್ನ, ತೂಕ ಬರೆದಿಡುವುದು ಮೇಲು. ಅಂಕಿಯ ಜೊತೆಗೆ ಹಾವಿನ ಮೈಯನ್ನೂ ಗಮನಿಸಿ. ಬೆನ್ನುಮೂಳೆ ಏಣಿನಂತೆ ಎದ್ದು ಕಾಣುತ್ತಿದ್ದರೆ ಅದು ಸೊರಗಿದೆ. ಊಟವಾಗಿ ಮೂರ್ನಾಲ್ಕು ದಿನ ಕಳೆದರೂ ಹುರುಪೆಗಳ ನಡುವೆ ಚರ್ಮ ಬಿಟ್ಟುಕೊಂಡಿದ್ದರೆ, ಬಾಲದ ಬುಡದಲ್ಲಿ ಉಬ್ಬಿದ್ದರೆ ಅದು ಬೊಜ್ಜು. ನಿಮ್ಮ ಗೆಳೆಯರ ಮರಿಯನ್ನೂ ಒಮ್ಮೆ ಈ ಕಣ್ಣಿನಿಂದ ನೋಡಿಬಿಡಿ. ಕಾರ್ನ್ ಸ್ನೇಕ್ ಪೂರ್ಣ ಬೆಳೆಯಲು ಎರಡು ಮೂರು ವರ್ಷ ಬೇಕು. ಸರಿಯಾಗಿ ಸಾಕಿದರೆ ಅದು ಹದಿನೈದು ಇಪ್ಪತ್ತು ವರ್ಷ ಬದುಕುತ್ತದೆ. ಅಷ್ಟು ದೀರ್ಘ ಬಾಳಿಗೆ ಮೊದಲ ವರ್ಷದಲ್ಲಿ ಆತುರಪಡುವುದೇಕೆ?

ಪ್ರಶ್ನೆ: ಒಂದು ತಿಂಗಳ ಮರಿಯನ್ನು ಹತ್ತು ದಿನದ ಹಿಂದೆ ಮನೆಗೆ ತಂದೆ. ಈವರೆಗೆ ಎರಡು ಸಲ ಪಿಂಕಿ ಇಟ್ಟರೂ ಮುಟ್ಟಿಲ್ಲ. ಬಲವಂತವಾಗಿ ತಿನ್ನಿಸಬೇಕೇ?

ಉತ್ತರ: ಖಂಡಿತ ಬೇಡ. ಮೊದಲು ಅದು ಏಕೆ ತಿನ್ನುತ್ತಿಲ್ಲ ಎಂಬುದನ್ನು ಮರಿಯ ಕಡೆಯಿಂದ ಯೋಚಿಸಿ. ಮೊಟ್ಟೆಯೊಡೆದ ಮರಿ ಏಳರಿಂದ ಹತ್ತು ದಿನದಲ್ಲಿ ಮೊದಲ ಸಲ ಪೊರೆ ಬಿಡುತ್ತದೆ. ಅಲ್ಲಿಯವರೆಗೆ ಹೊಟ್ಟೆಯೊಳಗುಳಿದ ಮೊಟ್ಟೆಯ ಹಳದಿಯ ಬಲದಲ್ಲೇ ಇರುವುದರಿಂದ ತಿನ್ನುವ ಗೊಡವೆಗೆ ಹೋಗುವುದಿಲ್ಲ. ಇದು ದಾಟಿದ ಮರಿಯಾಗಿದ್ದರೂ ಮುಂದಿನ ಪೊರೆಗೆ ಸಿದ್ಧವಾಗುತ್ತಿರಬಹುದು. ಕಣ್ಣು ಹಾಲು ಬಣ್ಣದ ನೀಲಿಗೆ ತಿರುಗಿದ್ದರೆ ಪೊರೆ ಕಳಚುವವರೆಗೆ ಕಾಯುವುದೊಂದೇ ಕೆಲಸ. ಹಾಗಿಲ್ಲದಿದ್ದರೆ ನೋಡಬೇಕಾದದ್ದು ಪೆಟ್ಟಿಗೆಯನ್ನು. ಬೆಚ್ಚಗಿನ ತುದಿಯಲ್ಲಿ 28ರಿಂದ 30 ಡಿಗ್ರಿ ಸೆಲ್ಸಿಯಸ್, ತಂಪಿನ ತುದಿಯಲ್ಲಿ 22ರಿಂದ 24 ಡಿಗ್ರಿ ಇರಬೇಕು. ಪೆಟ್ಟಿಗೆಯನ್ನು ಬೆಚ್ಚಗಿಡುವ ಹೀಟ್ ಮ್ಯಾಟ್‌ಗೆ, ಬಿಸಿಯನ್ನು ಹತೋಟಿಯಲ್ಲಿಡುವ ಥರ್ಮೋಸ್ಟಾಟ್ ಕಡ್ಡಾಯ. ಎರಡೂ ತುದಿಗಳಲ್ಲಿ ಮೈ ಒತ್ತಿಕೊಳ್ಳುವಷ್ಟು ಇಕ್ಕಟ್ಟಾದ ಅಡಗುತಾಣ ಬೇಕು. ತುಂಬಾ ದೊಡ್ಡ ಪೆಟ್ಟಿಗೆಯಲ್ಲಿ ಬಯಲಿಗೆ ಬಿದ್ದ ಮರಿ ಹಸಿದಿದ್ದರೂ ತಿನ್ನದಿರುವುದನ್ನು ನಾನು ಹಲವು ಸಲ ಕಂಡಿದ್ದೇನೆ. ಆ ಮಧ್ಯೆ ಅದನ್ನು ಕೈಗೆತ್ತಿಕೊಳ್ಳುವ ಆಸೆಯನ್ನು ಎರಡು ವಾರ ತಡೆದುಕೊಳ್ಳಿ.

ಇಷ್ಟೆಲ್ಲ ಸರಿಯಿದ್ದರೆ ಪಿಂಕಿ ಕೊಡುವ ಕ್ರಮವನ್ನು ಬದಲಿಸಿ. ಹೆಪ್ಪುಗಟ್ಟಿದ ಪಿಂಕಿಯನ್ನು ಮೈಕ್ರೋವೇವ್‌ನಲ್ಲಿ ಬಿಸಿ ಮಾಡಬಾರದು; ಅದು ಒಳಗೆ ಬೆಂದು ಒಡೆಯುತ್ತದೆ. ಫ್ರಿಜ್‌ನಲ್ಲಿ ಕರಗಿಸಿ, ಚೀಲದೊಳಗಿಟ್ಟು ಬಿಸಿನೀರಿನಲ್ಲಿ ಅದ್ದಿ, ಮೈ ಬಿಸಿ 37 ಡಿಗ್ರಿಯಷ್ಟಾದ ಮೇಲೆ ಒರೆಸಿ, ಸಂಜೆ ದೀಪ ಮಂದವಾಗಿಸಿ, ಇಕ್ಕಳದಲ್ಲಿ ಹಿಡಿದು ಮರಿಯ ಮೂಗಿನ ಮುಂದೆ ಸುಮ್ಮನೆ ತುಸು ಅಲುಗಿಸಿ. ನಾಲಗೆ ಸರಸರ ಆಡತೊಡಗಿ ಕತ್ತು ಎಸ್ ಆಕಾರಕ್ಕೆ ಬಾಗಿದರೆ ಕಚ್ಚುವ ಮನಸ್ಸಾಗಿದೆ ಎಂದು ತಿಳಿಯಿರಿ. ಅದಕ್ಕೂ ಒಲಿಯದಿದ್ದರೆ ಗಾಳಿಗೆ ತೂತು ಮಾಡಿದ ಸಣ್ಣ ಡಬ್ಬಿಯಲ್ಲಿ ಮರಿಯನ್ನೂ ಪಿಂಕಿಯನ್ನೂ ಕತ್ತಲೆಯಲ್ಲಿ ಒಂದು ರಾತ್ರಿ ಬಿಡಿ. ಕಾಡಿನಲ್ಲಿ ಈ ಮರಿಗಳು ಸಣ್ಣ ಹಲ್ಲಿ ಮತ್ತು ಕಪ್ಪೆಗಳನ್ನು ಹಿಡಿಯುವುದರಿಂದ ಕೆಲವಕ್ಕೆ ಇಲಿಯ ವಾಸನೆ ಒಗ್ಗುವುದಿಲ್ಲ; ಹಲ್ಲಿಯ ಕಳಚಿದ ಪೊರೆಯನ್ನು ಪಿಂಕಿಗೆ ಉಜ್ಜುವ ಉಪಾಯ ಎಷ್ಟೋ ಸಲ ಫಲಿಸಿದೆ. ಪ್ರತಿ ಪ್ರಯತ್ನದ ನಡುವೆ ಐದಾರು ದಿನ ಬಿಡಿ. ತೂಕ ಇಳಿಯುತ್ತಿದ್ದರೆ, ಬಾಯಿ ತೆರೆದು ಉಸಿರಾಡುತ್ತಿದ್ದರೆ ಅಥವಾ ಮೈ ಸಡಿಲವಾಗಿದ್ದರೆ ಸರೀಸೃಪಗಳ ಅನುಭವವಿರುವ ಪಶುವೈದ್ಯರಿಗೆ ತಡಮಾಡದೆ ತೋರಿಸಿ.

ಪ್ರಶ್ನೆ: ತಿಂದ ಮರುದಿನ ನನ್ನ ಮರಿ ಪಿಂಕಿಯನ್ನು ಕಕ್ಕಿತು. ಮತ್ತೆ ಯಾವಾಗ ಕೊಡಬಹುದು?

ಉತ್ತರ: ಹತ್ತರಿಂದ ಹದಿನಾಲ್ಕು ದಿನ ಏನೂ ಕೊಡಬೇಡಿ, ನೀರು ಮಾತ್ರ ಸದಾ ಇರಲಿ. ಹೊಟ್ಟೆಯ ರಸ ಮತ್ತೆ ಹದಕ್ಕೆ ಬರಲು ಆ ಅವಧಿ ಬೇಕು. ಮರುದಿನವೇ ಕೊಟ್ಟರೆ ಅದನ್ನೂ ಕಕ್ಕುವ ಸಾಧ್ಯತೆ ಹೆಚ್ಚು. ಆಮೇಲಿನ ಮೊದಲ ಊಟ ಮಾಮೂಲಿಗಿಂತ ಚಿಕ್ಕದಾಗಿರಲಿ. ಕಾರಣ ಬಹುಪಾಲು ಮೂರರಲ್ಲೊಂದು: ಪೆಟ್ಟಿಗೆ ತಂಪಾಗಿತ್ತು, ಇಲಿ ದೊಡ್ಡದಾಯಿತು, ಅಥವಾ ತಿಂದ 48 ಗಂಟೆಯೊಳಗೆ ಯಾರೋ ಎತ್ತಿಕೊಂಡರು. ಮತ್ತೊಮ್ಮೆ ಕಕ್ಕಿದರೆ ವೈದ್ಯರಲ್ಲಿಗೆ ಹೋಗುವುದೇ ಸರಿ.

ಪ್ರಶ್ನೆ: ಕ್ಯಾಲ್ಸಿಯಂ ಪುಡಿ ಬೆರೆಸಬೇಕೇ?

ಉತ್ತರ: ಬೇಕಿಲ್ಲ. ಮೂಳೆ, ಯಕೃತ್ತು ಸಮೇತ ಇಡೀ ಪ್ರಾಣಿಯನ್ನು ನುಂಗುವ ಹಾವಿಗೆ ಬೇಕಾದದ್ದು ಅದರಲ್ಲೇ ಇರುತ್ತದೆ. ಹಾವನ್ನೂ ಅದರ ನೀರಿನ ಬಟ್ಟಲನ್ನೂ ಮುಟ್ಟಿದ ಬಳಿಕ ಸೋಪಿನಿಂದ ಕೈ ತೊಳೆಯುವುದನ್ನು ಮಾತ್ರ ಮರೆಯಬೇಡಿ; ಆರೋಗ್ಯವಾಗಿ ಕಾಣುವ ಹಾವಿನಲ್ಲೂ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು.