1990ರ ಮಜ್ದಾ ಮಿಯಾಟಾ ತಗೋಬಹುದಾ?

ನ್ಯೂಜೆರ್ಸಿಯಲ್ಲಿ 1990ರ 1.6 ಲೀಟರ್ ಎಂಜಿನ್‌ನ ಮಿಯಾಟಾ (ಮಜ್ದಾದ ಎರಡು ಸೀಟಿನ, ಟಾಪ್ ತೆಗೆಯಬಹುದಾದ ಪುಟ್ಟ ಕಾರು) ತಗೋಬಹುದಾ ಅಂತ ಕೇಳಿದ್ದೀರಿ. ತಗೊಳ್ಳಿ, ಆದರೆ ಮೊದಲು ಬಾನೆಟ್ ಎತ್ತಿ ಕ್ರ್ಯಾಂಕ್ ಪುಲ್ಲಿ, ಅಂದರೆ ಎಂಜಿನ್ ಮುಂದೆ ಬೆಲ್ಟ್ ತಿರುಗಿಸೋ ಚಕ್ರ, ನೋಡಿ. ಅದರಲ್ಲಿ ನಾಲ್ಕೇ ಸೀಳು ಇದ್ದರೆ ಶಾರ್ಟ್ ನೋಸ್ ಕ್ರ್ಯಾಂಕ್ (ಪುಲ್ಲಿ ಕೂರೋ ದಂಡದ ಮೂತಿ ಗಿಡ್ಡ); ಎಂಟಿದ್ದರೆ ನಂತರದ ಗಟ್ಟಿ ನಮೂನೆ. ನಾಲ್ಕರದ್ದರಲ್ಲಿ ಟೈಮಿಂಗ್ ಬೆಲ್ಟ್ ಬದಲಿಸಿದವರು ಬೋಲ್ಟ್ ಸರಿಯಾಗಿ ಬಿಗಿಯದಿದ್ದರೆ ಪುಲ್ಲಿ ಜಾರದಂತೆ ಹಿಡಿಯೋ ಪುಟ್ಟ ಲೋಹದ ತುಂಡು (ಕೀ) ಸವೆದು ಎಂಜಿನ್‌ನ ಟೈಮಿಂಗ್ ತಪ್ಪುತ್ತೆ. ಎಂಜಿನ್ ಓಡುವಾಗ ಪುಲ್ಲಿ ಓಲಾಡಿದರೆ ಆ ಗಾಡಿ ಬಿಟ್ಟುಬಿಡಿ.

ಆಮೇಲೆ ತುಕ್ಕು. ಸೀಟಿನ ಹಿಂದಿನ ಮೂಲೆಗಳಲ್ಲಿ ಟಾಪ್‌ನ ನೀರು ಇಳಿಯೋ ತೂತು ಕಸ ಕಟ್ಟಿದರೆ, ಹಿಂದಿನ ಚಕ್ರದ ಮುಂದಿರೋ ಸಿಲ್ (ಬಾಗಿಲ ಕೆಳಗಿನ ಲೋಹದ ಪಟ್ಟಿ) ಒಳಗಿಂದಲೇ ಕೊಳೆಯುತ್ತೆ. ರಸ್ತೆಗೆ ಉಪ್ಪು ಸುರಿಯೋ ಕಡೆಯಂತೂ ಕೇಳೋದೇ ಬೇಡ.

116 ಕುದುರೆಶಕ್ತಿ ಕಮ್ಮಿ ಅನಿಸಬಹುದು. ಆದರೆ ಗಾಡಿ ಒಂದು ಟನ್ನೂ ತೂಗಲ್ಲ, ಎಳೆಯೋದು ಹಿಂದಿನ ಚಕ್ರ. ತಿರುವಿನಲ್ಲಿ ಗೊತ್ತಾಗುತ್ತೆ.